ಹೊಲದ ಮಣ್ಣು ಹಿಡಿಯಲು ಲಾವಂಚದ ಸಾಲು: ನೆಡುವುದು ಹೇಗೆ?

ಭರಣಿ ಮಳೆಗೆ ಕಾದು ಉತ್ತು ಬಿಟ್ಟ ಹೊಲ. ಒಂದು ಸಂಜೆ ಗುಡುಗಿ ಸುರಿದರೆ ಸಾಕು, ನೀರು ಕೆಂಪಗೆ ಹಳ್ಳಕ್ಕೆ ಇಳಿಯುತ್ತದೆ. ಗುಂಡ್ಲುಪೇಟೆ, ಚಾಮರಾಜನಗರ ಕಡೆ ಇದು ವರ್ಷ ವರ್ಷ ಕಾಣುವ ನೋಟ. ಪೈರು ನೆಲ ಮುಚ್ಚುವ ಮೊದಲೇ ಏಪ್ರಿಲ್–ಮೇ ತಿಂಗಳ ಬಿರುಸು ಮಳೆ ಬೀಳುವುದೇ ಇಲ್ಲಿನ ತೊಂದರೆ. ಒಂದು ಎಕರೆಯಲ್ಲಿ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೂ ಅದರ ತೂಕ ಸುಮಾರು 5 ಟನ್. ನೀವು ಹಾಕಿದ ಕೊಟ್ಟಿಗೆ ಗೊಬ್ಬರವೂ ಅದರ ಜೊತೆಗೇ ಹೋಗುತ್ತದೆ.

ಇದಕ್ಕೆ ಮದ್ದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣು ಉಳಿಸಲು ಲಾವಂಚ ನೆಡಿ ಎಂದು ದೇಶದೇಶಗಳಿಗೆ ಹೇಳತೊಡಗಿದರು. ಆಗ ವಿಶ್ವಬ್ಯಾಂಕಿನ ಕೈಪಿಡಿ ಉದಾಹರಣೆಯಾಗಿ ತೋರಿಸಿದ ಊರುಗಳಲ್ಲಿ ಗುಂಡ್ಲುಪೇಟೆಯೂ ಒಂದು. ಇಲ್ಲಿನ ರೈತರು ನೂರು ವರ್ಷಗಳಿಂದ ಹೊಲದ ಗಡಿಗೆ ಲಾವಂಚ ಬೆಳೆಸಿಕೊಂಡು ಬಂದಿದ್ದರು. ಆದರೆ ಗಡಿ ಇರುವುದು ಸರ್ವೆ ಕಲ್ಲಿನ ಪ್ರಕಾರ, ನೀರು ಹರಿಯುವುದು ಇಳಿಜಾರಿನ ಪ್ರಕಾರ. ಗಡಿಯಲ್ಲಿರುವ ಈ ಹುಲ್ಲು ಇಳಿಜಾರಿಗೆ ಅಡ್ಡವಾಗಿ ಹೊಲದೊಳಕ್ಕೂ ಬರಬೇಕು ಎಂಬುದು ನನ್ನ ಒತ್ತಾಯ.

ಲಾವಂಚದ ಬೇರು ಅಗಲಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ, ಒಳ್ಳೆಯ ನೆಲದಲ್ಲಿ 3 ಮೀಟರ್‌ವರೆಗೂ. ಮೇಲೆ ಗಟ್ಟಿ ಕಡ್ಡಿಗಳು ಒತ್ತಾಗಿ ನಿಲ್ಲುತ್ತವೆ. ಹರಿದು ಬಂದ ನೀರು ಅಲ್ಲಿ ತಡೆದು, ಹರಡಿ, ನಿಧಾನವಾಗಿ ಆಚೆ ಸೋಸಿ ಹೋಗುತ್ತದೆ. ಮಣ್ಣು ಮಾತ್ರ ಈಚೆಗೇ ಉಳಿಯುತ್ತದೆ. ಮಣ್ಣಿನ ಬದು ಹಾಗಲ್ಲ, ನೀರನ್ನು ಪೂರ್ತಿ ಕಟ್ಟಿಹಾಕುತ್ತದೆ. ಕೋಡಿ ಸರಿಯಿಲ್ಲದಿದ್ದರೆ ಒಂದು ಕಡೆ ಒಡೆದು ಅಲ್ಲೇ ಕೊರಕಲು ಬೀಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುವ ಕಪ್ಪು ಮಣ್ಣಿನಲ್ಲಂತೂ ಬರೀ ಬದು ನಂಬುವಂತಿಲ್ಲ.

ಕಳೆಯಾಗಿ ಹೊಲವೆಲ್ಲ ಹಬ್ಬೀತೇ ಎಂಬ ಅನುಮಾನ ಬೇಡ. ನಮ್ಮ ದಕ್ಷಿಣದ ತಳಿ ಮೊಳೆಯುವಂಥ ಬೀಜ ಕೊಡುವುದಿಲ್ಲ, ಗರಿಕೆಯಂತೆ ಬಳ್ಳಿಯಲ್ಲೂ ಹಬ್ಬುವುದಿಲ್ಲ. ನೆಟ್ಟಲ್ಲೇ ಇರುತ್ತದೆ. ಬೆಳೆಯ ನೀರು ಕುಡಿಯುತ್ತದೆಯೇ? ಬೇರು ಆಳಕ್ಕಿಳಿಯುವುದರಿಂದ ಪಕ್ಕದ ಸಾಲಿಗೆ ತೊಂದರೆ ಕಡಿಮೆ. ಇದಕ್ಕೆ ಆಗದಿರುವುದು ನೆರಳು. ತೆಂಗು, ಬಾಳೆಯ ಅಡಿಯಲ್ಲಿ ನೆಡಬೇಡಿ.

ಮೊದಲು ಸಮಮಟ್ಟದ ಗೆರೆ ಗುರುತಿಸಿ. ಗಾರೆ ಕೆಲಸದವರ ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಕೊಳವೆ, ಇದಕ್ಕೆ ಸಾಕು. ಎರಡು ತುದಿಯ ನೀರೂ ನೆಲದಿಂದ ಒಂದೇ ಎತ್ತರಕ್ಕೆ ನಿಂತರೆ ಆ ಎರಡು ಜಾಗ ಒಂದೇ ಮಟ್ಟದಲ್ಲಿವೆ ಎಂದರ್ಥ. ಅಲ್ಲಲ್ಲಿ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಒಂದು ಸಾಲು ಹೊಡೆಯಿರಿ. ಮೂರು ಅಡಿ ಇಳಿತಕ್ಕೆ ಒಂದು ಸಾಲು ಎಂದಿಟ್ಟುಕೊಳ್ಳಿ. 100 ಅಡಿಗೆ 2 ಅಡಿ ಇಳಿಜಾರಿರುವ ಹೊಲದಲ್ಲಿ 150 ಅಡಿಗೊಂದು ಸಾಲು ಬರುತ್ತದೆ.

ಹಳೆಯ ಬುಡವನ್ನು ಬೇರು ಸಮೇತ ಅಗೆದು ತೆಗೆಯಿರಿ. ಮಚ್ಚಿನಿಂದ ಸೀಳಿ, ಒಂದೊಂದು ಸೀಳಿನಲ್ಲಿ ಎರಡು ಮೂರು ತೆಂಡೆ ಇರಲಿ. ಎಲೆಯನ್ನು ಎಂಟು ಅಂಗುಲಕ್ಕೆ, ಬೇರನ್ನು ನಾಲ್ಕು ಅಂಗುಲಕ್ಕೆ ಕತ್ತರಿಸಿ. ಬೇರನ್ನು ಸಗಣಿ ರಾಡಿಯಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿ ಹೊಲಕ್ಕೆ ಒಯ್ಯಿರಿ. ಅರ್ಧ ಅಡಿಗೆ ಒಂದರಂತೆ ನೆಟ್ಟು ಬುಡವನ್ನು ತುಳಿದು ಗಟ್ಟಿ ಮಾಡಿ. ಮೇ ಮಳೆಗೆ ನೆಲ ಚೆನ್ನಾಗಿ ನೆಂದ ಮೇಲೆ ನೆಟ್ಟರೆ ಬೇರು ಹಿಡಿಯಲು ಅಕ್ಟೋಬರ್‌ವರೆಗೆ ಸಮಯ ಸಿಗುತ್ತದೆ. ನಡುವೆ ಮಳೆ ಕೈಕೊಟ್ಟರೆ ಒಂದೆರಡು ಸಲ ನೀರು ಕೊಡಿ.

ಮೊದಲ ವರ್ಷ ಕಳೆ ತೆಗೆಯಿರಿ, ದನ ನುಗ್ಗದಂತೆ ಕಾಯಿರಿ, ಸತ್ತ ಜಾಗಕ್ಕೆ ಬೇರೆ ಸೀಳು ನೆಡಿ. ಒಂದು ಸಂದು ಉಳಿದರೂ ನೀರೆಲ್ಲ ಅಲ್ಲೇ ನುಗ್ಗುತ್ತದೆ. ಸಾಲು ಒತ್ತಾಗಲು ಎರಡು ಮೂರು ವರ್ಷ ಬೇಕು. ಆಮೇಲೆ ಒಂದೂವರೆ ಅಡಿ ಬಿಟ್ಟು ಮೇಲಿನದನ್ನು ಆಗಾಗ ಸವರುತ್ತಿರಿ. ಎಳೆ ಗರಿ ದನಕ್ಕೆ ಮೇವು, ಬಲಿತದ್ದು ಕೊಟ್ಟಿಗೆಗೆ ಹಾಸು. ಪರಿಮಳದ ಬೇರಿಗೆ ಬೆಲೆಯಿದೆ ಎಂದು ಈ ಸಾಲನ್ನು ಮಾತ್ರ ಅಗೆಯಬೇಡಿ. ಬೇರು ಮಾರುವ ಆಸೆಯಿದ್ದರೆ ಅದಕ್ಕೆ ಬೇರೆ ಮಡಿ ಮಾಡಿ.

ಅರಿಶಿನ, ಚೆಂಡುಹೂವು ಹಾಕುವವರು ಬೋದನ್ನೂ ಈ ಸಾಲಿಗೆ ಸಮನಾಗಿ ಎಳೆಯಬೇಕು. ಬೋದು ಇಳಿಜಾರಿನ ಉದ್ದಕ್ಕೆ ಇದ್ದರೆ ಅದೇ ಕಾಲುವೆಯಾಗಿ ಮಣ್ಣನ್ನು ಸಾಗಿಸುತ್ತದೆ.

ಖರ್ಚು? 200 ಅಡಿಯ ಒಂದು ಸಾಲಿಗೆ ಸುಮಾರು 400 ಸೀಳು ಬೇಕು. ಗಡಿಯಲ್ಲಿ ಹಳೆಯ ಬುಡಗಳಿದ್ದರೆ ಕೂಲಿ ಮಾತ್ರ. ಇಲ್ಲವಾದರೆ ಸ್ವಲ್ಪವೇ ಕೊಂಡು, ನೀರಿರುವ ಮೂಲೆಯಲ್ಲಿ ಒಂದು ವರ್ಷ ಬೆಳೆಸಿ ಸೀಳಿಕೊಳ್ಳುವುದು ಅಗ್ಗ. ಸಸಿ, ಸಲಹೆಗೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರಿನ ಅಲ್ಲಾಳಸಂದ್ರದಲ್ಲಿರುವ ಸೀಮ್ಯಾಪ್, ಅಂದರೆ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಕೇಂದ್ರದಲ್ಲೂ ಕೇಳಬಹುದು. ಬದು ಹಾಕಿಸುವುದಿದ್ದರೆ ಉದ್ಯೋಗ ಖಾತರಿಯ ಈಗಿನ ನಿಯಮವನ್ನು ಗ್ರಾಮ ಪಂಚಾಯಿತಿಯಲ್ಲಿ ತಿಳಿದುಕೊಳ್ಳಿ.

ಇನ್ನೊಂದು ಮಾತು. ಸುಜಲಾ-3 ಎಂಬ ಜಲಾನಯನ ಯೋಜನೆಯಲ್ಲಿ ಚಾಮರಾಜನಗರ ಜಿಲ್ಲೆಯೂ ಇತ್ತು. ಆಗ ಹಲವು ಊರುಗಳಲ್ಲಿ ಮಣ್ಣಿನ ಆಳ, ಇಳಿಜಾರು, ಸವಕಳಿ ಎಷ್ಟೆಂದು ಅಳೆದು ನಕ್ಷೆ ಮಾಡಿದ್ದಾರೆ. ನಿಮ್ಮ ಊರಿನ ನಕ್ಷೆ ಇದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೋಗುವಾಗ ಸರ್ವೆ ನಂಬರ್ ಬರೆದುಕೊಂಡು ಹೋಗಿ.