ಚಂದ್ರಂಪಳ್ಳಿಯ ನೀರು ಸೇರುವ ಕಡಲು

ಕಲಬುರಗಿ ಜಿಲ್ಲೆಗೆ ಕಡಲಿಲ್ಲ. ಆದರೆ ಇಲ್ಲಿ ಸುರಿದ ಮಳೆಗೆ ಕಡಲಿನ ದಾರಿ ಗೊತ್ತು. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದಿಂದ ಹೊರಬಿದ್ದ ನೀರು ಮುಲ್ಲಾಮಾರಿಯನ್ನು ಸೇರುತ್ತದೆ. ಮುಲ್ಲಾಮಾರಿ ಕಾಗಿಣಾ ನದಿಯನ್ನು. ಕಾಗಿಣಾ ಸೇಡಂ, ಚಿತ್ತಾಪುರದ ಸೀಮೆಗಳನ್ನು ಹಾದು ಶಹಾಬಾದ್ ಕಡೆಯ ಹೊನಗುಂಟಾದಲ್ಲಿ ಭೀಮೆಯೊಡನೆ ಕೂಡುತ್ತದೆ. ಭೀಮೆ ರಾಯಚೂರು ಜಿಲ್ಲೆಯ ಕಾಡ್ಲೂರು ಹತ್ತಿರ ಕೃಷ್ಣೆಗೆ ಇಳಿಯುತ್ತಾಳೆ. ಆಮೇಲೆ ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು. ಕೊನೆಗೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ.

ನೀರಿನ ಜೊತೆ ತೇಲುವುದೂ ಇದೇ ದಾರಿ ಹಿಡಿಯುತ್ತದೆ.

ಚಂದ್ರಂಪಳ್ಳಿಯ ಸುತ್ತಲಿನ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವಾಯಿತು. ಬಿಸಿಲ ನಾಡಿನಲ್ಲಿ ಇಷ್ಟು ಹಸಿರು ಕಾಣುವುದು ಅಪರೂಪ. ಹಾಗಾಗಿ ರಜೆ ಬಂತೆಂದರೆ ಜಲಾಶಯದ ದಂಡೆ, ಗೊಟ್ಟಂಗೊಟ್ಟದ ಗುಡಿ, ಎತ್ತಿಪೋತ ಜಲಪಾತದ ಕಡೆ ಜನ ಹೊರಡುತ್ತಾರೆ. ಬುತ್ತಿಯ ಜೊತೆಗೆ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಥರ್ಮಾಕೋಲ್ ತಟ್ಟೆ, ಗುಟ್ಖಾ ಚೀಟಿಗಳೂ ಹೊರಡುತ್ತವೆ. ದಂಡೆಯಲ್ಲಿ ಉಳಿದದ್ದು ಬೇಸಿಗೆಯಿಡೀ ಗಾಳಿಗೆ ಪೊದೆಯಿಂದ ಪೊದೆಗೆ ಹಾರುತ್ತಾ ಮಳೆಗಾಲಕ್ಕೆ ಕಾಯುತ್ತದೆ.

ಈ ಭಾಗದ ನದಿಗಳ ಸ್ವಭಾವವೇ ಹಾಗೆ. ವರ್ಷದ ಬಹುಪಾಲು ಬಡಕಲಾಗಿ ಹರಿದು, ಒಮ್ಮೆಲೇ ಉಕ್ಕುತ್ತವೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿದಾಗ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಉತ್ತರಾದಿ ಮಠದೊಳಗೇ ನೀರು ನುಗ್ಗಿತ್ತು. ಹಳ್ಳದ ಮಗ್ಗುಲಿನ ತಿಪ್ಪೆ, ಸಂತೆಯ ಕಸ, ಹೊಲದ ಬದುವಿನಲ್ಲಿ ಬಿಸಾಡಿದ ಔಷಧಿ ಡಬ್ಬಿ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಗುಡಿಸಿಕೊಂಡು ಹೋಗುವುದು ಇಂಥ ಪ್ರವಾಹ.

ಹೋದದ್ದೆಲ್ಲ ಕಡಲು ಮುಟ್ಟುತ್ತದೆಯೇ? ಇಲ್ಲ. ಆದರೂ ಜಗತ್ತಿನ ನದಿಗಳು ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಸುರಿಯುತ್ತವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಕೆಲವೇ ಮಹಾನದಿಗಳು ತಪ್ಪಿತಸ್ಥರು ಎಂಬ ಹಳೆಯ ನಂಬಿಕೆಯನ್ನೂ ಅದು ಅಲ್ಲಗಳೆಯಿತು. ಈ ಹೊರೆಯ ಶೇ 80ರಷ್ಟನ್ನು ಸಾವಿರಕ್ಕೂ ಹೆಚ್ಚು ನದಿಗಳು ಹೊರುತ್ತವೆ, ಅವುಗಳಲ್ಲಿ ಸಣ್ಣವೇ ಬಹಳ. ಕರಾವಳಿಗೆ ಹತ್ತಿರದ ಕಸ ಬೇಗ ಕಡಲು ಸೇರುತ್ತದೆ, ಒಳನಾಡಿನದು ಹೆಚ್ಚಾಗಿ ದಾರಿಯಲ್ಲೇ ಸಿಕ್ಕಿಬೀಳುತ್ತದೆ. ಕೃಷ್ಣೆಯ ಮೇಲಂತೂ ಅಣೆಕಟ್ಟುಗಳ ಸಾಲೇ ಇದೆ. ಚಿಂಚೋಳಿಯ ಚೀಟಿ ಶ್ರೀಶೈಲದ ಹೂಳಿನಲ್ಲಿ ವರ್ಷಗಟ್ಟಲೆ ಕೂರಬಹುದು. ಆದರೆ ಕೂತಲ್ಲೇ ಅದು ಕೊಳೆಯುವುದಿಲ್ಲ. ಬಿಸಿಲಿಗೆ ಬಿರಿದು, ಕಲ್ಲಿಗೆ ತೀಡಿ, ಚೂರಾಗುತ್ತದೆ. ಐದು ಮಿಲಿಮೀಟರಿಗಿಂತ ಸಣ್ಣದಾದ ಈ ಚೂರುಗಳೇ ಮೈಕ್ರೋಪ್ಲಾಸ್ಟಿಕ್. ಇಡೀ ಬಾಟಲಿಯನ್ನು ತಡೆಯುವ ಗೇಟು ಇವನ್ನು ತಡೆಯುವುದಿಲ್ಲ.

ಕೃಷ್ಣೆಯ ಮುಖಜ ಭೂಮಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಿವೆ. ಅಲ್ಲಿನ ಮರಳ ದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಆಮೆಗೆ ಪ್ಲಾಸ್ಟಿಕ್ ಎರಡು ಬಗೆಯಲ್ಲಿ ಮೃತ್ಯು. ಮೀನುಗಾರರು ಕಳೆದುಕೊಂಡ ನೈಲಾನ್ ಬಲೆ ಒಡೆಯನಿಲ್ಲದೆಯೂ ಬೇಟೆಯಾಡುತ್ತಲೇ ಇರುತ್ತದೆ. ಅದರಲ್ಲಿ ಸಿಕ್ಕ ಆಮೆ ಉಸಿರಿಗೆಂದು ಮೇಲೆ ಬರಲಾಗದೆ ಸಾಯುತ್ತದೆ. ಇನ್ನೊಂದು, ಹೊಟ್ಟೆಯ ದಾರಿ. ನೀರಿನಲ್ಲಿ ತೇಲುವ ಕ್ಯಾರಿ ಬ್ಯಾಗ್ ಥೇಟ್ ಲೋಳೆಮೀನಿನಂತೆ ಕಾಣುತ್ತದೆ. ಆಮೆಯ ಗಂಟಲಲ್ಲಿ ಒಳಮುಖವಾಗಿ ಬಾಗಿದ ಮುಳ್ಳುಗಳಿರುವುದರಿಂದ ಒಮ್ಮೆ ನುಂಗಿದ್ದನ್ನು ಉಗುಳುವುದು ಕಷ್ಟ. ಹೊಟ್ಟೆಯಲ್ಲಿ 14 ತುಣುಕು ಸೇರಿದರೆ ಆಮೆ ಸಾಯುವ ಸಂಭವ ಶೇ 50 ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2018ರಲ್ಲಿ ಲೆಕ್ಕ ಹಾಕಿದರು.

ಕಣ್ಣಷ್ಟೇ ಅಲ್ಲ, ಮೂಗೂ ಮೋಸಹೋಗುತ್ತದೆ. ಕಡಲಲ್ಲಿ ತೇಲುವ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಬೆಳೆದು ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ವಾಸನೆ ಸೂಸುತ್ತದೆ. ಕೆಲವು ಕಡಲ ಹಕ್ಕಿಗಳಿಗೆ ಅದು ಊಟವಿರುವ ಜಾಗದ ಗುರುತು. 2018ರಲ್ಲಿ ಥಾಯ್ಲೆಂಡಿನಲ್ಲಿ ಸತ್ತ ಪೈಲಟ್ ತಿಮಿಂಗಿಲವೊಂದರ ಹೊಟ್ಟೆಯಿಂದ ಸುಮಾರು 80 ಚೀಲಗಳು ಹೊರಬಂದವು. ಹೊಟ್ಟೆ ತುಂಬಿದ್ದೂ ಹಸಿವಿನಿಂದ ಸತ್ತ ಜೀವ ಅದು. ಮನುಷ್ಯನೂ ಹೊರತಲ್ಲ. 2022ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು 22 ಆರೋಗ್ಯವಂತರ ರಕ್ತ ಪರೀಕ್ಷಿಸಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕವು.

ಸೇಡಂ, ಚಿತ್ತಾಪುರದವರಿಗೆ ಪ್ಲಾಸ್ಟಿಕ್ ನುಂಗಿದ ಜೀವದ ಸಾವು ಅರ್ಥವಾಗಲು ಕಡಲವರೆಗೆ ಹೋಗಬೇಕಾಗಿಲ್ಲ. ಉಳಿದ ಅನ್ನ, ತರಕಾರಿ ಸಿಪ್ಪೆಯನ್ನು ಕ್ಯಾರಿ ಬ್ಯಾಗಿನಲ್ಲಿ ಗಂಟು ಕಟ್ಟಿ ಎಸೆದರೆ ಬೀದಿ ದನ ಗಂಟು ಬಿಚ್ಚುವುದಿಲ್ಲ, ಚೀಲ ಸಮೇತ ನುಂಗುತ್ತದೆ. ಮೆಲುಕಿನ ಹೊಟ್ಟೆಯಲ್ಲಿ ಚೀಲಗಳು ಹೆಣೆದುಕೊಂಡು ಗಟ್ಟಿ ಉಂಡೆಯಾಗುತ್ತವೆ. ಮೇವಿಗೆ ಜಾಗವಿಲ್ಲ, ಹೊಟ್ಟೆ ಉಬ್ಬುತ್ತದೆ, ಹಾಲು ಬತ್ತುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ತೆಗೆಯದೆ ಬೇರೆ ದಾರಿಯಿಲ್ಲ.

ಹಾಗಾದರೆ ಈ ಪ್ಲಾಸ್ಟಿಕ್ ಕಸವನ್ನೆಲ್ಲ ಏನು ಮಾಡಬೇಕು? ಉತ್ತರದ ಒಂದು ತುಂಡು ಈ ಸೀಮೆಯಲ್ಲೇ ಇದೆ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸುಣ್ಣದ ಕಲ್ಲಿನ ಮೇಲೆ ಸಿಮೆಂಟ್ ಕಾರ್ಖಾನೆಗಳ ಸಾಲು ನಿಂತಿದೆ. ಕಲ್ಲು ಕ್ಲಿಂಕರ್ ಆಗಲು ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮರುಬಳಕೆಗೆ ಬಾರದ ಪ್ಲಾಸ್ಟಿಕ್ಕನ್ನು ಕಲ್ಲಿದ್ದಲಿನ ಜೊತೆ ಇಲ್ಲಿ ಸುಡಲು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಅವಕಾಶ ಕೊಟ್ಟಿವೆ. ಬೀದಿಯಲ್ಲಿ ರಾಶಿ ಹಾಕಿ ಸುಟ್ಟರೆ ಏಳುವ ವಿಷದ ಹೊಗೆ ಇಷ್ಟು ಬಿಸಿಯಲ್ಲಿ ಉಳಿಯುವುದಿಲ್ಲ, ಬೂದಿ ಸಿಮೆಂಟಿನಲ್ಲೇ ಸೇರಿಹೋಗುತ್ತದೆ. ಮಿತಿಗಳೂ ಇವೆ. ಕಸ ಒಣಗಿರಬೇಕು, ಚೂರು ಮಾಡಿರಬೇಕು. ಪಿವಿಸಿಯಲ್ಲಿರುವ ಕ್ಲೋರಿನ್ ಗೂಡನ್ನೇ ಕೆಡಿಸುವುದರಿಂದ ಅದನ್ನು ಬೇರ್ಪಡಿಸಬೇಕು. ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಬರುವುದಂತೂ ತಪ್ಪದು.

ಎಲ್ಲಕ್ಕಿಂತ ದೊಡ್ಡ ಮಿತಿ, ಕಸ ಗೂಡಿನವರೆಗೆ ಬರಬೇಕು. ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ, ಆಯುವವರಿದ್ದಾರೆ. ಹಲವು ಪದರಗಳ ಚಿಪ್ಸ್ ಪೊಟ್ಟಣಕ್ಕೆ, ಗುಟ್ಖಾ ಚೀಟಿಗೆ ಬೆಲೆಯೇ ಇಲ್ಲ. ಕರ್ನಾಟಕ 2016ರಲ್ಲೇ ಕ್ಯಾರಿ ಬ್ಯಾಗ್ ನಿಷೇಧಿಸಿತು, 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ಲೋಟ, ಸ್ಟ್ರಾಗಳು ದೇಶದಾದ್ಯಂತ ನಿಷೇಧವಾದವು; ಆದರೆ ಕುರುಕಲು ತಿಂಡಿಯ ಪೊಟ್ಟಣ ಆ ಪಟ್ಟಿಯಲ್ಲಿಲ್ಲ. ಅದನ್ನು ಮಾರುಕಟ್ಟೆಗೆ ಬಿಟ್ಟ ಕಂಪನಿಯೇ ಅಷ್ಟೇ ತೂಕದ ಕಸ ವಿಲೇವಾರಿಯ ಹೊಣೆ ಹೊರಬೇಕೆಂದು 2022ರ ತಿದ್ದುಪಡಿ ಹೇಳುತ್ತದೆ. ಆ ಹೊಣೆಗೆ ಕಂಪನಿ ತೆರುವ ಹಣದಲ್ಲಿ ಕಿಲೋಗೆ ಒಂದಿಷ್ಟು ರೂಪಾಯಿ ಚಿಂಚೋಳಿಯ ಸಂತೆಗೆ, ತಾಂಡಾಗಳಿಗೆ, ಜಲಾಶಯದ ದಂಡೆಗೆ ತಲುಪಿದರೆ, ಬಾಟಲಿ ಆಯುವ ಕೈಗಳೇ ಚೀಟಿಯನ್ನೂ ಆಯುತ್ತವೆ. ಕೆಲಸ ಮುಂಗಾರಿಗೆ ಮೊದಲು ಆಗಬೇಕು. ಮೇ ತಿಂಗಳಲ್ಲಿ ದಂಡೆಯ ಮೇಲೆ ಕೈಗೆ ಸಿಗುವ ಪೊಟ್ಟಣ ಜುಲೈ ಹೊತ್ತಿಗೆ ಕಾಗಿಣಾದ ಪಾಲು.