ಕಡಿವಾಣ ಹಿಡಿದ ಪ್ರೋಟೀನು

ಮೂರು ದಿನದ ಜೀಬ್ರಾಮೀನಿನ ಮರಿಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕು! ಉದ್ದ ನಾಲ್ಕು ಮಿಲಿಮೀಟರಿಗೂ ಕಡಿಮೆ, ಮೈ ಬಹುಪಾಲು ಪಾರದರ್ಶಕ. ಹೃದಯ ಬಡಿಯುವುದು, ನೆತ್ತರು ಹರಿಯುವುದು, ಒಂಟಿ ಜೀವಕೋಶವೊಂದು ತೆವಳಿ ಸಾಗುವುದು, ಎಲ್ಲವೂ ಕಣ್ಣೆದುರೇ. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕನನ್ ನೆನಪಿದ್ದಾನಲ್ಲ, ಮುಂದೆ ಹ್ಯಾಮಿಲ್ಟನ್ ಎನಿಸಿಕೊಂಡವನು? ಗಂಗೆಯ ಸೀಮೆಯ ಈ ಪಟ್ಟೆಮೀನನ್ನು 1822ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವನೂ ಅವನೇ!

ಶತ್ರುವನ್ನು ನೆನಪಿಟ್ಟುಕೊಂಡು ಹೋರಾಡುವ ರೋಗನಿರೋಧಕ ಶಕ್ತಿ ಈ ಮರಿಯಲ್ಲಿ ಬಲಿಯಲು ಇನ್ನೂ ವಾರಗಳು ಬೇಕು. ಅಲ್ಲಿಯವರೆಗೆ ಜನ್ಮಜಾತ ಶಕ್ತಿಯೊಂದೇ ಗತಿ. ಅದರ ಮುಂಚೂಣಿಯಲ್ಲಿರುವವು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು. ಅವುಗಳಲ್ಲಿ ಕೆಲವು ಮಿದುಳಿಗೆ ವಲಸೆ ಹೋಗಿ, ಅಲ್ಲೇ ನೆಲೆಸಿ, ಮೈಕ್ರೋಗ್ಲಿಯಾ ಆಗಿಬಿಡುತ್ತವೆ; ಸತ್ತ ನರಕೋಶಗಳನ್ನು ನುಂಗಿ ಮಿದುಳನ್ನು ಚೊಕ್ಕಟವಾಗಿಡುತ್ತವೆ. ನೀರಿಗೆ ನ್ಯೂಟ್ರಲ್ ರೆಡ್ ಎಂಬ ಬಣ್ಣ ಬೆರೆಸಿದರೆ ಸಾಕು, ಬದುಕಿರುವ ಮರಿಯ ಮಿದುಳಿನಲ್ಲೇ ಅವು ಕೆಂಪು ಚುಕ್ಕಿಗಳಾಗಿ ಮೂಡುತ್ತವೆ.

ಆದರೆ ಒಂದು ತಳಿಯ ಮರಿಗಳಲ್ಲಿ ಚುಕ್ಕಿಗಳೇ ಇಲ್ಲ! ಸ್ಟ್ಯಾನ್‌ಫರ್ಡ್‌ನ ವಿಲಿಯಂ ಟಾಲ್ಬಟ್ ಅವರ ಪ್ರಯೋಗಾಲಯ ಈ ಒಗಟಿನ ಬೆನ್ನು ಹತ್ತಿತು. ಕೋಶಗಳು ಹುಟ್ಟಿಯೇ ಇರಲಿಲ್ಲವೆ? ಹುಟ್ಟಿದ್ದವು. ಮಿದುಳಿನ ಹಾದಿ ಹಿಡಿಯುವ ಬದಲು ದೇಹದಲ್ಲೇ ಗುಂಪುಗಟ್ಟಿ ನಿಂತಿದ್ದವು. ಮೈತುಂಬ ಉರಿಯೂತ, ಉರಿಯೂತದ ಸಂಕೇತಗಳ ಅಬ್ಬರ. ಯಾವ ವೈರಾಣುವೂ ದಾಳಿಯಿಟ್ಟಿರಲಿಲ್ಲ, ಯಾವ ಬ್ಯಾಕ್ಟೀರಿಯಾವೂ ನುಗ್ಗಿರಲಿಲ್ಲ, ಆದರೂ ಯುದ್ಧ ಶುರುವಾಗಿತ್ತು!

ಕೆಟ್ಟಿದ್ದು ಒಂದೇ ಒಂದು ಜೀನು: ಎನ್‌ಎಲ್‌ಆರ್‌ಸಿ3-ಲೈಕ್. ಅದು ತಯಾರಿಸುವ ಪ್ರೋಟೀನಿನ ಕೆಲಸ ಕಾದುವುದಲ್ಲ, ಭಕ್ಷಕ ಕೋಶಗಳನ್ನು ವಿನಾಕಾರಣ ಕೆರಳದಂತೆ ಹಿಡಿದಿಡುವುದು. ಆ ಹಿಡಿತವಿದ್ದರಷ್ಟೇ ಅವು ಮಿದುಳು ಸೇರಿ ಮೈಕ್ರೋಗ್ಲಿಯಾ ಆಗಬಲ್ಲವು. 2013ರಲ್ಲಿ ‘ಸೆಲ್ ರಿಪೋರ್ಟ್ಸ್’ನಲ್ಲಿ ಈ ಸಂಶೋಧನೆ ಪ್ರಕಟವಾಯಿತು. ರೋಗನಿರೋಧಕ ಶಕ್ತಿಯೆಂದರೆ ನಾವು ಬರೀ ಆಯುಧಗಳನ್ನೇ ಎಣಿಸುತ್ತೇವೆ. ಇಲ್ಲಿ ಸಂಯಮವೇ ಒಂದು ಮಿದುಳಿನ ರಚನೆಗೆ ಕೈಜೋಡಿಸಿದೆ! ಹೇಗೆ? ಉರಿಯೂತ ಹೊತ್ತಿಸುವ ಇನ್‌ಫ್ಲಮಸೋಮ್ ಎಂಬ ಪ್ರೋಟೀನುಗಳ ಕೂಟದಲ್ಲಿ ಎಎಸ್‌ಸಿ ಎಂಬುದೊಂದು ಮುಖ್ಯ ಕೊಂಡಿ. ಈ ಜೀನಿನ ಪ್ರೋಟೀನು ಆ ಕೊಂಡಿಗೇ ಅಂಟಿಕೊಳ್ಳಬಲ್ಲದು. ಕಿಡಿ ಹೊತ್ತುವ ಜಾಗದಲ್ಲೇ ಅದು ಕೈಯಿಟ್ಟಿರಬೇಕು ಎನ್ನುವುದಕ್ಕೆ ಇದು ಬಲವಾದ ಸುಳಿವು.

ಇನ್ನೂ ಬೆರಗಿನ ಮಾತಿದೆ. ಎನ್‌ಎಲ್‌ಆರ್‌ಸಿ3-ಲೈಕ್ ಸೇರಿರುವ ಎನ್‌ಎಲ್‌ಆರ್ ಕುಟುಂಬದ ಜೀನುಗಳು ಮನುಷ್ಯನಲ್ಲಿ ಇಪ್ಪತ್ತರ ಆಸುಪಾಸು. ಜೀಬ್ರಾಮೀನಿನಲ್ಲಿ 300ಕ್ಕೂ ಹೆಚ್ಚು! ಇಲ್ಲಿ ಹೇಳಿದ್ದು ಅವುಗಳಲ್ಲಿ ಒಂದರ ಕತೆ ಮಾತ್ರ. ಮಿಕ್ಕವುಗಳಲ್ಲಿ ಕೆರಳಿಸುವವು ಎಷ್ಟು, ತಡೆಹಿಡಿಯುವವು ಎಷ್ಟು?