ಕಾನಾನಿನ ಬೆಟ್ಟದ ಹಳ್ಳಿಗರು: ಪ್ರಾಚೀನ ಇಸ್ರಾಯೇಲ್ಯರ ಮೂಲ

ಇಸ್ರಾಯೇಲ್ ಎಂಬ ಹೆಸರು ಚರಿತ್ರೆಯಲ್ಲಿ ಮೊಟ್ಟಮೊದಲು ಕಾಣಿಸಿಕೊಳ್ಳುವುದು ಶತ್ರುವೊಬ್ಬನ ವಿಜಯಶಾಸನದಲ್ಲಿ. ಈಜಿಪ್ಟಿನ ದೊರೆ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ಕೆತ್ತಿಸಿದ, ಮೂರು ಮೀಟರಿಗೂ ಎತ್ತರದ ಈ ಕಲ್ಲನ್ನು ಫ್ಲಿಂಡರ್ಸ್ ಪೆಟ್ರಿ 1896ರಲ್ಲಿ ಥೀಬ್ಸ್‌ನಲ್ಲಿ ಹೊರತೆಗೆದರು. ಶಾಸನದ ಬಹುಭಾಗ ಲಿಬಿಯದವರ ಮೇಲಿನ ಗೆಲುವಿನ ವರ್ಣನೆ. ಕೊನೆಯ ಕೆಲವೇ ಸಾಲುಗಳಲ್ಲಿ ಕಾನಾನ್ ದೇಶದ ಪ್ರಸ್ತಾಪ ಬರುತ್ತದೆ: ಅಶ್ಕೆಲೋನ್, ಗೆಜೆರ್, ಯನೋಅಮ್ ಎಂಬ ಊರುಗಳು ಸೋತವು, ಇಸ್ರಾಯೇಲ್ ಹಾಳಾಗಿ ಅದರ ಸಂತತಿಯೇ ಇಲ್ಲವಾಯಿತು ಎಂದು ದೊರೆ ಕೊಚ್ಚಿಕೊಳ್ಳುತ್ತಾನೆ. ಈಜಿಪ್ಟಿನ ಚಿತ್ರಲಿಪಿಯಲ್ಲಿ ಹೆಸರಿನ ಕೊನೆಗೆ ಅದು ಯಾವ ಬಗೆಯದೆಂದು ತಿಳಿಸುವ ಗುರುತೊಂದು ಇರುತ್ತದೆ. ಮೂರು ಊರುಗಳ ಹೆಸರಿಗೆ ನಾಡನ್ನು ಸೂಚಿಸುವ ಗುಡ್ಡಗಳ ಗುರುತಿದೆ. ಇಸ್ರಾಯೇಲಿಗೆ ಮಾತ್ರ ಕುಳಿತ ಗಂಡು, ಹೆಣ್ಣು ಮತ್ತು ಬಹುವಚನದ ಮೂರು ಗೀರುಗಳಿವೆ. ಅಂದರೆ ಆ ಹೊತ್ತಿಗೆ ಇಸ್ರಾಯೇಲ್ ಎಂಬುದು ರಾಜ್ಯವಾಗಿರಲಿಲ್ಲ, ಪಟ್ಟಣವೂ ಆಗಿರಲಿಲ್ಲ. ಅದೊಂದು ಜನಸಮುದಾಯ. ಅವರು ಎಲ್ಲಿಂದ ಬಂದವರು ಎಂಬ ಪ್ರಶ್ನೆಗೆ ಮಾತ್ರ ಕಲ್ಲಿನಲ್ಲಿ ಉತ್ತರವಿಲ್ಲ.

ಬೈಬಲ್ ಕೊಡುವ ಉತ್ತರ ಲೋಕಪ್ರಸಿದ್ಧ. ಅಬ್ರಹಾಮನ ವಂಶಸ್ಥರು ಬರಗಾಲದಲ್ಲಿ ಈಜಿಪ್ಟಿಗೆ ಹೋಗಿ ಅಲ್ಲಿ ಗುಲಾಮರಾಗುತ್ತಾರೆ. ಮೋಶೆ ಅವರನ್ನು ಬಿಡಿಸಿಕೊಂಡು ಬರುತ್ತಾನೆ. ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದ ಮೇಲೆ ಯೆಹೋಶುವನ ನೇತೃತ್ವದಲ್ಲಿ ಕಾನಾನಿನ ಪಟ್ಟಣಗಳನ್ನು ಗೆದ್ದು ಹನ್ನೆರಡು ಕುಲಗಳಾಗಿ ನೆಲೆಸುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ವಿಲಿಯಂ ಆಲ್‌ಬ್ರೈಟ್ ಮೊದಲಾದವರು ಈ ದಂಡಯಾತ್ರೆಯ ಕುರುಹುಗಳು ಮಣ್ಣಿನಡಿ ಇವೆಯೆಂದು ನಂಬಿದ್ದರು. ಉತ್ಖನನ ಮುಂದುವರಿದಂತೆ ಆ ನಂಬಿಕೆಯ ಬುಡವೇ ಅಲುಗಾಡಿತು. ಗೋಡೆಗಳು ಕುಸಿದು ಯೆಹೋಶುವನ ವಶವಾಯಿತೆಂದು ಬೈಬಲ್ ಹೇಳುವ ಯೆರಿಕೋವನ್ನು 1952ರಿಂದ 1958ರವರೆಗೆ ಅಗೆದ ಕ್ಯಾಥ್ಲೀನ್ ಕೆನ್ಯನ್, ಅಲ್ಲಿನ ಕೋಟೆಯ ಪಟ್ಟಣ ಕ್ರಿ.ಪೂ. 1550ರ ಸುಮಾರಿಗೇ ನಾಶವಾಗಿತ್ತೆಂದು ತೋರಿಸಿದರು. ಯೆಹೋಶುವನ ಕಾಲವೆಂದು ಹೇಳುವ ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಬೀಳಲು ಗೋಡೆಯೇ ಇರಲಿಲ್ಲ. ಯೆಹೋಶುವ ಸುಟ್ಟನೆನ್ನುವ ಇನ್ನೊಂದು ಊರು ಆಯಿ. ಅದು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಪಾಳುಬಿದ್ದಿತ್ತು. ಉತ್ತರದ ಹಾಜೋರ್ ಮಾತ್ರ ಆ ಶತಮಾನದಲ್ಲಿ ನಿಜವಾಗಿಯೂ ಬೆಂಕಿಗೆ ಆಹುತಿಯಾಗಿದೆ. ಕಿಚ್ಚಿಟ್ಟವರು ಯಾರೆಂಬುದರಲ್ಲಿ ಪುರಾತತ್ತ್ವಜ್ಞರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಈಜಿಪ್ಟಿನಿಂದ ಹೊರಟ ಪ್ರಯಾಣಕ್ಕೂ ಇಂಥದೇ ತೊಡಕಿದೆ. ಗಂಡಸರೇ ಆರು ಲಕ್ಷ ಎಂದು ಬೈಬಲ್ ಲೆಕ್ಕ ಕೊಡುತ್ತದೆ. ಹೆಂಗಸರು ಮಕ್ಕಳು ಸೇರಿದರೆ ಇಪ್ಪತ್ತು ಲಕ್ಷ ದಾಟುತ್ತದೆ. ಅಷ್ಟು ಜನ ಹೊರಟುಹೋದ ಸುಳಿವು ಈಜಿಪ್ಟಿನ ದಾಖಲೆಗಳಲ್ಲಿಲ್ಲ, ಸಿನಾಯ್ ಮರಳಿನಲ್ಲೂ ಇಲ್ಲ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಆ ಕಾಲದಲ್ಲಿ ಕಾನಾನ್ ಈಜಿಪ್ಟಿನ ಅಧೀನದಲ್ಲೇ ಇತ್ತು. ಗಾಜಾ, ಬೇತ್‌ಶಾನ್‌ಗಳಲ್ಲಿ ಫೇರೋನ ಅಧಿಕಾರಿಗಳೂ ದಂಡೂ ಬೀಡುಬಿಟ್ಟಿದ್ದವು. ಫೇರೋನಿಂದ ತಪ್ಪಿಸಿಕೊಂಡವರು ಫೇರೋನ ಸೀಮೆಗೇ ಬಂದು ಸೇರಿದಂತಾಗುತ್ತದೆ. ಹಾಗಿದ್ದರೂ ಆ ನೆನಪನ್ನು ಬರೀ ಕಟ್ಟುಕತೆಯೆಂದು ತಳ್ಳಿಹಾಕುವುದು ಆತುರದ ಮಾತಾದೀತು. ಮೋಶೆ, ಫೀನೆಹಾಸ, ಹೊಫ್ನಿ ಮುಂತಾದ ಹೆಸರುಗಳ ಮೂಲ ಈಜಿಪ್ಟಿನದು, ಮತ್ತು ಅವು ಪುರೋಹಿತ ಕುಲವಾದ ಲೇವಿಯರಲ್ಲೇ ಹೆಚ್ಚಾಗಿ ಕಾಣುತ್ತವೆ. ಸಣ್ಣದೊಂದು ಗುಂಪು ಅಲ್ಲಿಂದ ಬಂದು ಬೆಟ್ಟದ ಜನರೊಡನೆ ಬೆರೆತಿರಬಹುದು, ಅದರ ಕಥೆಯೇ ಕ್ರಮೇಣ ಎಲ್ಲರ ಕಥೆಯಾಗಿರಬಹುದು ಎಂಬ ವಾದದಲ್ಲಿ ಹುರುಳಿದೆ.

ಹದಿಮೂರನೆಯ ಶತಮಾನದ ಕಾನಾನಿನ ಬದುಕನ್ನು ಅರಿಯಲು ಅದಕ್ಕೂ ನೂರು ವರ್ಷ ಹಿಂದಿನ ಪತ್ರಗಳು ನೆರವಾಗುತ್ತವೆ. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ಮುನ್ನೂರೈವತ್ತಕ್ಕೂ ಹೆಚ್ಚು ಮಣ್ಣಿನ ಹಲಗೆಗಳಲ್ಲಿ ಕಾನಾನಿನ ಪುಟ್ಟ ಅರಸರು ಫೇರೋನಿಗೆ ಬರೆದ ಅಹವಾಲುಗಳಿವೆ. ಜೆರುಸಲೇಮಿನ ಅಬ್ದಿ-ಹೆಬಾ ಬಿಲ್ಲುಗಾರರನ್ನು ಕಳಿಸಿಕೊಡಿರೆಂದು ಅಂಗಲಾಚುತ್ತಾನೆ. ಶೆಕೆಮಿನ ಲಬಾಯು ನೆರೆಹೊರೆಯವರ ನೆಲ ಕಬಳಿಸುತ್ತಿದ್ದಾನೆಂಬ ದೂರುಗಳೂ ಇವೆ. ಹಪಿರು ಎಂಬವರ ಹೆಸರು ಮತ್ತೆ ಮತ್ತೆ ಬರುತ್ತದೆ. ಸಾಲ, ತೆರಿಗೆ, ಬಿಟ್ಟಿ ದುಡಿಮೆಗಳಿಂದ ಬೇಸತ್ತು ವ್ಯವಸ್ಥೆಯ ಹೊರಗೆ ಹೋದವರು, ಕೂಲಿಗೆ ಕತ್ತಿ ಹಿಡಿಯುವವರು ಅವರು. ಹಪಿರು ಎಂದರೆ ಹೀಬ್ರೂಗಳೇ, ಅಂದರೆ ಇಸ್ರಾಯೇಲ್ಯರೇ ಎಂದು ಒಂದು ಕಾಲಕ್ಕೆ ತೀರ್ಮಾನಿಸಲಾಗಿತ್ತು. ಈಗ ಅದನ್ನು ಒಂದು ಜನಾಂಗದ ಹೆಸರೆಂದು ಹೆಚ್ಚಿನವರು ಒಪ್ಪುವುದಿಲ್ಲ.

ಕ್ರಿ.ಪೂ. 1200ರ ಆಸುಪಾಸಿನಲ್ಲಿ ಈ ಇಡೀ ಲೋಕ ಕುಸಿಯಿತು. ಹಿಟ್ಟೈಟ್ ಸಾಮ್ರಾಜ್ಯ ಅಳಿಯಿತು, ಸಿರಿಯಾ ಕರಾವಳಿಯ ಉಗಾರಿತ್ ಸುಟ್ಟುಹೋಯಿತು, ಕಡಲ ಜನರ ದಾಳಿಗಳಾದವು. ಮುಂದಿನ ಕೆಲವು ದಶಕಗಳಲ್ಲಿ ಈಜಿಪ್ಟ್ ಕಾನಾನಿನಿಂದ ಕಾಲ್ತೆಗೆಯಿತು. ಬಯಲುಸೀಮೆಯ ಪಟ್ಟಣಗಳು ಸೊರಗಿದ ಇದೇ ಹೊತ್ತಿನಲ್ಲಿ, ಜೆರುಸಲೇಮಿನ ಉತ್ತರಕ್ಕೆ ಜೆಜ್ರೀಲ್ ಕಣಿವೆಯವರೆಗೆ ಹಬ್ಬಿರುವ ಬೆಟ್ಟಸೀಮೆಯಲ್ಲಿ ಹಳ್ಳಿಗಳು ಎದ್ದವು. 1970 ಮತ್ತು 80ರ ದಶಕಗಳಲ್ಲಿ ಗುಡ್ಡ ಗುಡ್ಡವನ್ನೂ ಕಾಲ್ನಡಿಗೆಯಲ್ಲಿ ಜಾಲಾಡಿದ ಸಮೀಕ್ಷೆಗಳು ಇಂಥ ಸುಮಾರು 250 ನೆಲೆಗಳನ್ನು ಗುರುತಿಸಿದವು. ಅದಕ್ಕೂ ಹಿಂದಿನ ಕಾಲದ ನೆಲೆಗಳು ಅಲ್ಲಿ ಬೆರಳೆಣಿಕೆಯಷ್ಟೇ. ಇಸ್ರಾಯೇಲ್ಯರ ಮೂಲದ ಚರ್ಚೆಯ ದಿಕ್ಕನ್ನೇ ಬದಲಿಸಿದ್ದು ಈ ಸಮೀಕ್ಷೆಗಳು.

ಅಪೇಕ್ ಎಂಬ ಹಳೆಯ ಪಟ್ಟಣದ ಪೂರ್ವಕ್ಕೆ, ಬೆಟ್ಟ ಬಯಲು ಕೂಡುವಲ್ಲಿರುವ ಇಜ್ಬೆತ್ ಸರ್ತಾ ಅಂಥದೊಂದು ಹಳ್ಳಿ. ಅದರ ಮೊದಲ ಹಂತದಲ್ಲಿ ದೊಡ್ಡ ಅಂಗಳವೊಂದರ ಸುತ್ತ ಕೋಣೆಗಳು ಅಂಡಾಕಾರವಾಗಿ ಒಂದಕ್ಕೊಂದು ಅಂಟಿಕೊಂಡಿವೆ. ರಾತ್ರಿ ಕುರಿ ಆಡುಗಳನ್ನು ನಡುವೆ ಕೂಡಿ ಸುತ್ತ ಗುಡಾರ ಹಾಕಿಕೊಳ್ಳುವ ಕುರಿಗಾಹಿಗಳ ಬೀಡನ್ನೇ ಕಲ್ಲಿನಲ್ಲಿ ಕಟ್ಟಿದ ಹಾಗೆ. ಮುಂದಿನ ಹಂತದಲ್ಲಿ ಕಂಬಸಾಲುಗಳ ದೊಡ್ಡ ಮನೆಯೊಂದು ಬರುತ್ತದೆ. ಉದ್ದುದ್ದ ಮೂರು ಅಂಕಣ, ಹಿಂಬದಿಗೆ ಅಡ್ಡಲಾಗಿ ಒಂದು ಕೋಣೆ. ಅದರ ಸುತ್ತ ನೆಲದಲ್ಲಿ ತೋಡಿ ಕಲ್ಲು ಕಟ್ಟಿದ ನಲವತ್ತಕ್ಕೂ ಹೆಚ್ಚು ಹಗೇವುಗಳು. ಗೋಧಿ, ಜವೆಗೋಧಿ ತುಂಬಿಡುವ ಬೇಸಾಯಗಾರರ ಊರು ಅದಾಗಿತ್ತು. 1976ರಲ್ಲಿ ಅಲ್ಲಿನ ಒಂದು ಹಗೇವಿನಲ್ಲಿ ಮಡಕೆಯ ಚೂರೊಂದು ಸಿಕ್ಕಿತು. ಅದರ ಮೇಲೆ ಐದು ಸಾಲು ಗೀಚಿದೆ. ಒಂದು ಸಾಲು ವರ್ಣಮಾಲೆ. ಅಕ್ಷರ ತಿದ್ದುತ್ತಿದ್ದವರ ಅಭ್ಯಾಸವಿರಬೇಕು. ಲಿಪಿ ಕಾನಾನಿನದು.

ಬೇರೆ ಹಳ್ಳಿಗಳ ಚಿತ್ರವೂ ಹೆಚ್ಚು ಭಿನ್ನವಲ್ಲ. ಒಂದೊಂದರಲ್ಲಿ ನೂರರ ಆಸುಪಾಸಿನ ಜನ. ಅರಮನೆಯಿಲ್ಲ, ಹೊರದೇಶದ ಬೆಲೆಬಾಳುವ ಸಾಮಾನಿಲ್ಲ, ಮಡಕೆಗಳ ಮೇಲೆ ಚಿತ್ತಾರವಿಲ್ಲ. ಕಂಠದಲ್ಲಿ ದಪ್ಪ ಉಬ್ಬುಪಟ್ಟಿಯಿರುವ, ಸುಮಾರು ಒಂದು ಮೀಟರ್ ಎತ್ತರದ ಗುಡಾಣಗಳು ಎಲ್ಲೆಲ್ಲೂ ಸಿಗುತ್ತವೆ.

ಈ ಹಳ್ಳಿಗರು ಯಾರು? ಜರ್ಮನಿಯ ಆಲ್‌ಬ್ರೆಕ್ಟ್ ಆಲ್ಟ್ 1925ರಲ್ಲೇ, ಅವರು ಮರುಭೂಮಿಯ ಅಂಚಿನಿಂದ ಮೆಲ್ಲಗೆ ಬಂದು ನೆಲೆಸಿದ ಪಶುಪಾಲಕರೆಂದಿದ್ದರು. 1962ರಲ್ಲಿ ಜಾರ್ಜ್ ಮೆಂಡೆನ್‌ಹಾಲ್, ಅವರು ಕಾನಾನಿನ ರೈತರೇ, ಅರಸರ ಕಾಟದ ವಿರುದ್ಧ ಸಿಡಿದೆದ್ದವರು ಎಂದು ವಾದಿಸಿದರು. ಇಜ್ಬೆತ್ ಸರ್ತಾವನ್ನು ಅಗೆದವರಲ್ಲೊಬ್ಬರಾದ ಇಸ್ರೇಲ್ ಫಿಂಕೆಲ್‌ಸ್ಟೀನ್ ಕೊಡುವ ವಿವರಣೆ ಬೇರೆ. ಕುರಿಗಾಹಿಗಳು ಬರೀ ಹಾಲು ಮಾಂಸದಿಂದ ಬದುಕಲಾರರು, ಕಾಳು ಬೇಕು. ಅದನ್ನು ಬಯಲಿನ ರೈತರಿಂದ ಪಡೆಯುತ್ತಿದ್ದರು. ಪಟ್ಟಣಗಳು ಕುಸಿದು ಮಾರಾಟಕ್ಕೆ ಕಾಳು ಉಳಿಯದಾದಾಗ ತಾವೇ ನೆಲ ಉಳಬೇಕಾಯಿತು. ಬೆಟ್ಟಸೀಮೆಯಲ್ಲಿ ಜನ ಹೀಗೆ ನೆಲೆ ನಿಲ್ಲುವುದೂ ಮತ್ತೆ ಅಲೆಮಾರಿಗಳಾಗುವುದೂ ಅದಕ್ಕೆ ಮೊದಲು ಎರಡು ಬಾರಿ ನಡೆದಿತ್ತು. ಅಮೆರಿಕದ ವಿಲಿಯಂ ಡೀವರ್ ಇದನ್ನು ಪೂರ್ತಿ ಒಪ್ಪುವುದಿಲ್ಲ. ಮೆಟ್ಟಿಲು ಹೊಲ ಕಟ್ಟಿ, ಬಂಡೆಯಲ್ಲಿ ನೀರಿನ ತೊಟ್ಟಿ ಕೊರೆದವರು ಪಳಗಿದ ಒಕ್ಕಲಿಗರೇ ಇರಬೇಕೆಂಬುದು ಅವರ ವಾದ. ಎರಡೂ ಬಗೆಯ ಜನ ಸೇರಿದ್ದರೆನ್ನುವುದೇ ಹೆಚ್ಚು ಸಹಜವಾಗಿ ತೋರುತ್ತದೆ. ಜಗಳ ಏನೇ ಇರಲಿ, ಅವರಲ್ಲಿ ಹೆಚ್ಚಿನವರು ಹೊರಗಿನಿಂದ ದಂಡೆತ್ತಿ ಬಂದವರಲ್ಲ, ಆ ನೆಲದವರೇ ಎಂಬಲ್ಲಿ ಬಹುಮಟ್ಟಿನ ಸಹಮತವಿದೆ. ಅವರ ಮಡಕೆ ಕಾನಾನಿನ ಮಡಕೆಯಿಂದ ಬೆಳೆದದ್ದು, ಅವರ ನುಡಿಯಾದ ಹೀಬ್ರೂ ಕಾನಾನಿನ ನುಡಿಗಳಲ್ಲೊಂದು.

ಹಾಗಾದರೆ ಅವರನ್ನು ನೆರೆಯವರಿಂದ ಬೇರ್ಪಡಿಸಿದ್ದೇನು? ಬೆಟ್ಟದ ಹಳ್ಳಿಗಳ ತಿಪ್ಪೆಗಳಲ್ಲಿ ಹಂದಿಯ ಮೂಳೆ ಇಲ್ಲವೇ ಇಲ್ಲವೆನ್ನುವಷ್ಟು ವಿರಳ. ಕರಾವಳಿಯಲ್ಲಿ ಹೊಸದಾಗಿ ನೆಲೆಸಿದ ಫಿಲಿಷ್ಟಿಯರ ಎಕ್ರೋನ್, ಅಶ್ಕೆಲೋನ್‌ಗಳಲ್ಲಿ ಅದು ಧಾರಾಳ. ಆದರೆ ಕಾನಾನಿನ ಬೇರೆ ಕಡೆಗಳಲ್ಲೂ ಹಂದಿ ಕಡಿಮೆಯೇ ಇತ್ತು. ಗುಡಾಣಗಳೂ ಕಂಬದ ಮನೆಗಳೂ ಜೋರ್ಡನ್ ನದಿಯಾಚೆಗೆ ಸಿಕ್ಕಿವೆ. ಯಾವುದೋ ಒಂದು ವಸ್ತುವನ್ನು ಹಿಡಿದು ಇವರೇ ಇಸ್ರಾಯೇಲ್ಯರು ಎಂದು ಬೊಟ್ಟು ಮಾಡಲಾಗದು. ಫಿಲಿಷ್ಟಿಯರ ಎದುರು ನಿಲ್ಲಬೇಕಾಗಿ ಬಂದಾಗಲೇ ನಾವು ಬೇರೆ ಎಂಬ ಭಾವ ಬಲಿತಿರಬೇಕು.

ದೇವರ ವಿಷಯದಲ್ಲೂ ಕಾನಾನಿನ ಬೇರು ಕಾಣುತ್ತದೆ. ಇಸ್ರಾಯೇಲ್ ಎಂಬ ಹೆಸರಿನಲ್ಲೇ ಇರುವ ಏಲ್, ಉಗಾರಿತಿನ ಬರಹಗಳಲ್ಲಿ ದೇವತೆಗಳ ಹಿರಿಯ. ಬೈಬಲಿನಲ್ಲಿ ಇಸ್ರಾಯೇಲ್ಯರ ದೇವರಾದ ಯಾಹ್ವೆ ದಕ್ಷಿಣದ ಮರುಸೀಮೆಯಿಂದ ಬಂದವನಿರಬೇಕು. ಸೂಡಾನಿನ ಸೋಲೆಬ್‌ನಲ್ಲಿ ಮೂರನೆಯ ಅಮೆನ್‌ಹೊಟೆಪ್ ಕಟ್ಟಿಸಿದ ಗುಡಿಯ ಬರಹವೊಂದು ಶಾಸು ಅಲೆಮಾರಿಗಳ ಸೀಮೆಯೊಂದನ್ನು ಇದೇ ಬಗೆಯ ಹೆಸರಿನಿಂದ ಕರೆಯುತ್ತದೆ. ಕ್ರಮೇಣ ಏಲ್ ಮತ್ತು ಯಾಹ್ವೆ ಒಂದಾದರು. ಸಿನಾಯ್ ಗಡಿಯ ಕುಂತಿಲ್ಲೆತ್ ಅಜ್ರೂದ್‌ನಲ್ಲಿ 1975–76ರಲ್ಲಿ ದೊರೆತ, ಕ್ರಿ.ಪೂ. 800ರ ಆಸುಪಾಸಿನ ಗುಡಾಣದ ಬರಹಗಳು ಯಾಹ್ವೆ ಮತ್ತು ಅವನ ಅಶೇರಾದೇವಿಯ ಹೆಸರಿನಲ್ಲಿ ಹರಸುತ್ತವೆ. ಒಬ್ಬನೇ ದೇವರೆಂಬ ನಿಲುವು ಗಟ್ಟಿಗೊಂಡದ್ದು ಬಹಳ ತಡವಾಗಿ.

ಒಂಬತ್ತನೆಯ ಶತಮಾನದ ಹೊತ್ತಿಗೆ ಈ ಜನರ ರಾಜ್ಯಗಳು ಸ್ಪಷ್ಟವಾಗಿ ಕಾಣತೊಡಗುತ್ತವೆ. ಕ್ರಿ.ಪೂ. 853ರ ಯುದ್ಧದ ಅಸ್ಸೀರಿಯ ಶಾಸನದಲ್ಲಿ ಇಸ್ರಾಯೇಲಿನ ದೊರೆ ಅಹಾಬ ಬರುತ್ತಾನೆ. ಮೋವಾಬಿನ ದೊರೆ ಮೇಷನ ಕಲ್ಲು ಇಸ್ರಾಯೇಲಿನ ಇನ್ನೊಬ್ಬ ದೊರೆ ಒಮ್ರಿಯನ್ನೂ ಯಾಹ್ವೆಯನ್ನೂ ಹೆಸರಿಸುತ್ತದೆ. 1993ರಲ್ಲಿ ಸಿಕ್ಕ ತೇಲ್ ದಾನ್ ಶಾಸನದಲ್ಲಿ ದಕ್ಷಿಣದ ಯೆಹೂದ ರಾಜ್ಯವನ್ನಾಳಿದ ದಾವೀದನ ಮನೆತನದ ಹೆಸರಿದೆ. ಉತ್ತರದ ಇಸ್ರಾಯೇಲ್ ರಾಜ್ಯ ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯದವರಿಗೆ ಸೋತಾಗ, ಅಲ್ಲಿಂದ ಅನೇಕರು ದಕ್ಷಿಣದ ಯೆಹೂದಕ್ಕೆ ಓಡಿಬಂದರು. ಕಥೆಗಳೂ ಅವರೊಡನೆ ಬಂದವು. ಯಾಕೋಬನ ಕಥೆಗಳ ನೆಲ ಉತ್ತರದ ಬೇತೇಲ್, ಶೆಕೆಮ್. ಅಬ್ರಹಾಮನದು ದಕ್ಷಿಣದ ಹೆಬ್ರೋನ್. ಅಬ್ರಹಾಮ ಅಜ್ಜ, ಯಾಕೋಬ ಮೊಮ್ಮಗ ಎಂದು ಎರಡನ್ನೂ ಒಂದೇ ವಂಶಾವಳಿಗೆ ಬೆಸೆದದ್ದು ಈ ಕಾಲದಿಂದೀಚೆಗೆ, ಜೆರುಸಲೇಮಿನ ಬರಹಗಾರರು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.